ಕಾನೂನು ಪ್ರಶ್ನೋತ್ತರ: ನಿರಾಶ್ರಿತರ ಅರ್ಜಿ ತಿರಸ್ಕಾರವಾದ ಮೇಲೆ

ಪ್ರಶ್ನೆ: ಕೆನಡಾದ ಬ್ರಾಂಪ್ಟನ್‌ನಲ್ಲಿ ನಮ್ಮ ನೆರೆಯವರು ಪಾಕಿಸ್ತಾನದಿಂದ ಬಂದ ಅಹ್ಮದಿಯಾ ಕುಟುಂಬದವರು. ಅವರು ಆಶ್ರಯ ಕೋರಿ ಸಲ್ಲಿಸಿದ ಅರ್ಜಿ ಮೇಲ್ಮನವಿಯಲ್ಲಿಯೂ ತಿರಸ್ಕೃತವಾಗಿದೆ. ಬೇರೆ ಊರಿಗೆ ಹೋಗಿ, ಧರ್ಮದ ವಿಷಯವನ್ನು ಹೊರಗೆ ಆಡದೆ ಇದ್ದರೆ ಅಪಾಯವಿಲ್ಲ ಎಂದು ಆದೇಶದಲ್ಲಿದೆಯಂತೆ. ನ್ಯಾಯಾಲಯ ಎಲ್ಲವನ್ನೂ ಮತ್ತೆ ಕೇಳುತ್ತದೆಯೇ?

ಉತ್ತರ: ಇಲ್ಲ. ಫೆಡರಲ್ ಕೋರ್ಟ್ ಮಾಡುವುದು ನ್ಯಾಯಾಂಗ ಪುನರ್ವಿಮರ್ಶೆಯನ್ನೇ ಹೊರತು ಇನ್ನೊಂದು ಮೇಲ್ಮನವಿಯ ವಿಚಾರಣೆಯನ್ನಲ್ಲ. ನಮ್ಮ ಹೈಕೋರ್ಟಿನಲ್ಲಿ ಅಧಿಕಾರಿಯ ಆದೇಶದ ವಿರುದ್ಧ ಹಾಕುವ ರಿಟ್ ಅರ್ಜಿಯನ್ನು ನೆನೆದುಕೊಂಡರೆ ಸ್ವರೂಪ ಸುಮಾರಾಗಿ ಹೊಳೆಯುತ್ತದೆ. ನೆರೆಯವರು ನಿರಾಶ್ರಿತರು ಹೌದೋ ಅಲ್ಲವೋ ಎಂದು ನ್ಯಾಯಾಧೀಶರು ಸಾಮಾನ್ಯವಾಗಿ ತಾವೇ ತೀರ್ಮಾನಿಸುವುದಿಲ್ಲ. ಆದೇಶ ಬರೆದವರು ಸಾಕ್ಷ್ಯವನ್ನು ಎದುರಿಸಿ, ಕಾರಣ ಕೊಟ್ಟು, ಕಾನೂನಿನ ಚೌಕಟ್ಟಿನೊಳಗೆ ಆ ನಿರ್ಣಯಕ್ಕೆ ಬಂದಿದ್ದಾರೆಯೇ ಎಂಬುದನ್ನಷ್ಟೇ ನೋಡುತ್ತಾರೆ. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವಾವಿಲೋವ್ ಪ್ರಕರಣದಲ್ಲಿ ಈ ‘ಸಮಂಜಸತೆ’ಯ ಅಳತೆಗೋಲನ್ನು ವಿವರಿಸಿದೆ. ಅರ್ಜಿದಾರರು ಗೆದ್ದರೆ ಪ್ರಕರಣ ಸಾಮಾನ್ಯವಾಗಿ ಮರುನಿರ್ಣಯಕ್ಕೆ ಹಿಂದಿರುಗುತ್ತದೆ.

ನಿಮ್ಮ ನೆರೆಯವರ ಆದೇಶದಲ್ಲಿ ಕೆದಕಿ ನೋಡಬೇಕಾದ ಮಾತು ‘ಹೊರಗೆ ಆಡದೆ ಇದ್ದರೆ’ ಎಂಬುದು. ಪಾಕಿಸ್ತಾನ 1974ರಲ್ಲಿ ಸಂವಿಧಾನವನ್ನು ತಿದ್ದಿ, ತಮ್ಮನ್ನು ಮುಸ್ಲಿಮರೆಂದೇ ಭಾವಿಸುವ ಅಹ್ಮದಿಯರನ್ನು ಮುಸ್ಲಿಮೇತರರೆಂದು ಘೋಷಿಸಿತು. 1984ರ ಸುಗ್ರೀವಾಜ್ಞೆಯ ನಂತರ ತಮ್ಮನ್ನು ಮುಸ್ಲಿಮರೆಂದು ಕರೆದುಕೊಳ್ಳುವುದೂ, ಆಜಾನ್ ಕೂಗುವುದೂ, ತಮ್ಮ ಪ್ರಾರ್ಥನಾಲಯವನ್ನು ಮಸೀದಿ ಎನ್ನುವುದೂ ಅವರಿಗೆ ಮೂರು ವರ್ಷಗಳವರೆಗೆ ಜೈಲು ತರಬಲ್ಲ ಅಪರಾಧ. ಈ ಕಾನೂನು ಇಡೀ ದೇಶಕ್ಕೆ ಅನ್ವಯಿಸುವುದರಿಂದ, ಯಾವ ಊರಿನಲ್ಲಿ ಅವರು ತಮ್ಮ ಧರ್ಮವನ್ನು ಬಚ್ಚಿಡದೆ ಬದುಕಬಹುದು ಎಂಬ ಪ್ರಶ್ನೆಗೆ ಆದೇಶ ಉತ್ತರಿಸಲೇಬೇಕು. ಜರ್ಮನಿಯಲ್ಲಿ ಆಶ್ರಯ ಕೇಳಿದ್ದ ಇಬ್ಬರು ಅಹ್ಮದಿಯರ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2012ರಲ್ಲಿ, ಆಚರಣೆಯನ್ನು ಬಿಟ್ಟು ಅಪಾಯ ತಪ್ಪಿಸಿಕೊಳ್ಳಿ ಎಂದು ಅರ್ಜಿದಾರರಿಂದ ನಿರೀಕ್ಷಿಸುವಂತಿಲ್ಲ ಎಂದಿತು. ಅದು ಕೆನಡಾವನ್ನು ಕಟ್ಟಿಹಾಕುವುದಿಲ್ಲ, ಆದರೆ ತರ್ಕ ಬಲವಾದದ್ದು.

ಧರ್ಮದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಟ್ಟರೆಂಬ ಕಾರಣಕ್ಕೆ ನಂಬಿಕೆಯೇ ಸುಳ್ಳು ಎಂದಿದ್ದರೆ ಅದನ್ನೂ ಗುರುತಿಸಿಡಿ. ನಿತ್ಯ ದೇವರಿಗೆ ದೀಪ ಹಚ್ಚುವ ನಮ್ಮವರಲ್ಲಿ ಹದಿನೆಂಟು ಪುರಾಣಗಳ ಹೆಸರನ್ನು ತಡವರಿಸದೆ ಹೇಳುವವರು ಎಷ್ಟು ಮಂದಿ?

ಸಮಯ ಮಾತ್ರ ತೀರಾ ಕಡಿಮೆ. ಆದೇಶ ಕೈಸೇರಿದ 15 ದಿನಗಳೊಳಗೆ ಅರ್ಜಿ ಸಲ್ಲಬೇಕು. ಪುನರ್ವಿಮರ್ಶೆ ನಡೆಯಲು ಮೊದಲು ನ್ಯಾಯಾಲಯದ ಅನುಮತಿ ಬೇಕು, ಅದನ್ನು ಕೋರುವುದೂ ಇದೇ ಅರ್ಜಿಯಲ್ಲಿ. ಅದನ್ನು ಸಾಮಾನ್ಯವಾಗಿ ಕಾಗದಪತ್ರಗಳ ಮೇಲೆಯೇ ನಿರ್ಧರಿಸುತ್ತಾರೆ, ನಿರಾಕರಿಸಿದರೆ ಮೇಲ್ಮನವಿಯಿಲ್ಲ. ಹೊಸ ಸಾಕ್ಷ್ಯವನ್ನೂ ಸಾಮಾನ್ಯವಾಗಿ ಇಲ್ಲಿ ಸ್ವೀಕರಿಸುವುದಿಲ್ಲವಾದ್ದರಿಂದ, ಆದೇಶ ಬರೆದವರ ಮುಂದಿದ್ದ ಕಡತದಲ್ಲಿ ಏನಿತ್ತೆಂಬುದೇ ಮುಖ್ಯವಾಗುತ್ತದೆ. ಸಕಾಲದಲ್ಲಿ ಅರ್ಜಿ ಹಾಕಿದರೆ, ಕೆಲವು ವಿನಾಯಿತಿಗಳ ಹೊರತು, ಗಡೀಪಾರಿಗೆ ತಡೆ ತಾನಾಗಿಯೇ ಬರುತ್ತದೆ. ಇಂದೇ ನಿರಾಶ್ರಿತರ ಪ್ರಕರಣ ನಡೆಸುವ ವಕೀಲರನ್ನು ಕಾಣಲು ಹೇಳಿ. ಹೋಗುವಾಗ ಆದೇಶದ ಪ್ರತಿಯ ಜೊತೆಗೆ, ಅದು ತಲುಪಿದ ದಿನಾಂಕ ತೋರಿಸುವ ಲಕೋಟೆ ಅಥವಾ ಇ-ಮೇಲನ್ನೂ ಒಯ್ಯಲಿ.