ಸಂಬಳ ಏರಿಸಿದರೂ ಸಿಸ್ಟರ್‌ಗಳು ನಿಲ್ಲುತ್ತಿಲ್ಲ

ಪ್ರಶ್ನೆ: ಅಕ್ಕೋರೆ, ನಾನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸಿಂಗ್ ಇನ್‌ಚಾರ್ಜ್. ಈ ವರ್ಷ ಏಳು ಸಿಸ್ಟರ್‌ಗಳು ಬಿಟ್ಟರು, ಹೆಚ್ಚಿನವರು ಹೈದರಾಬಾದ್‌ಗೆ. ಸಂಬಳ ಎರಡು ಸಾವಿರ ಏರಿಸಿದರೂ ನಿಲ್ಲುತ್ತಿಲ್ಲ. ರಾತ್ರಿ ಸ್ಟೋರ್ ಕೀಲಿಕೈ ಮ್ಯಾನೇಜರ್ ಮನೆಗೆ ಒಯ್ಯುತ್ತಾರೆ ಅನ್ನೋ ಜಗಳ ಬೇರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಆ ಜಗಳ ಬೇರೆ ಅಲ್ಲ ಸಿಸ್ಟರ್, ಅದೇ ವಿಷಯ! ರಾತ್ರಿ ಎರಡಕ್ಕೆ ಸಲೈನ್ ಹಾಕುವ ಕ್ಯಾನುಲಾ ಮುಗಿದು, ಪೇಶೆಂಟ್ ಕಡೆಯವರಿಂದ ಬೈಸಿಕೊಳ್ಳುತ್ತಾ, ಒಂದು ಕೀಲಿಗಾಗಿ ಹತ್ತು ಸಲ ಫೋನ್ ಮಾಡುತ್ತಾ ನಿಂತ ಹುಡುಗಿಗೆ ಹೇಗನ್ನಿಸುತ್ತೆ ಹೇಳಿ. ಜವಾಬ್ದಾರಿ ಪೂರ್ತಿ ಅವಳದು, ಅಧಿಕಾರ ಮಾತ್ರ ಇಲ್ಲ. (ಎರಡು ಸಾವಿರವೂ ಜಾಸ್ತಿ ಏನಲ್ಲ ಬಿಡಿ.) 1983ರಲ್ಲಿ ಅಮೆರಿಕದಲ್ಲಿ ನರ್ಸ್‌ಗಳು ಬಿಟ್ಟು ಹೋಗದ 41 ಆಸ್ಪತ್ರೆಗಳನ್ನು ಆರಿಸಿ ಕಾರಣ ಹುಡುಕಿದ್ದರು. ಅಲ್ಲಿ ನಿರ್ಧಾರಗಳಲ್ಲಿ ನರ್ಸ್‌ಗಳ ಮಾತೂ ನಡೆಯುತ್ತಿತ್ತು, ಮೇಲಿನವರು ಕೈಗೆ ಸಿಗುತ್ತಿದ್ದರು, ಡ್ಯೂಟಿ ಹೊಂದಿಸಿಕೊಳ್ಳಲು ಜಾಗ ಇತ್ತು. ಇದಕ್ಕೆ ದೊಡ್ಡ ದುಡ್ಡು ಬೇಕಿಲ್ಲ, ಅಲ್ವಾ?

ನಮ್ಮ ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಸರ್ಕಾರಿ ಕೆಲಸ ಸಿಕ್ಕವರನ್ನು ಯಾರೂ ಹಿಡಿಯಲಾಗದು, ಅವರು ಹೋಗಲಿ. ಉಳಿದವರಿಗಾಗಿ ಮೊದಲು ಕೀಲಿಕೈ ಕೇಳಿ ಪಡೆಯಿರಿ, ಒಂದು ನೋಟ್‌ಬುಕ್ ಇಟ್ಟು ತೆಗೆದ ಸಾಮಾನು ಬರೆಸಿ. ಡ್ಯೂಟಿ ಪಟ್ಟಿ ಹಾಕುವಾಗ ಅವರನ್ನೂ ಕೂರಿಸಿಕೊಳ್ಳಿ. ಶರಣಬಸವೇಶ್ವರ ಜಾತ್ರೆಗೆ ಯಾರಿಗೆ ರಜೆ, ಯಾರಿಗೆ ನೈಟ್ ಅಂತ ಅವರೇ ಜಗಳಾಡಿ ಹಂಚಿಕೊಳ್ಳಲಿ. ಮ್ಯಾನೇಜರ್ ಒಪ್ಪದಿದ್ದರೆ, ಹೊಸ ಸಿಸ್ಟರ್‌ಗೆ ವಾರ್ಡ್ ಕಲಿಸಲು ನಿಮಗೆ ಎಷ್ಟು ದಿನ ಹೋಗುತ್ತೆ ಅನ್ನೋ ಲೆಕ್ಕವನ್ನು ಅವರ ಮುಂದಿಡಿ.