ಕಣ್ಣಿನ ಬಿಪಿ, ಮೈಯ ಬಿಪಿ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಸಲಹೆಗೆ ಅಂತ ನನ್ನ ಬಳಿ ಬಂದವರಿಗೆ 58 ವರ್ಷ. ಹತ್ತು ವರ್ಷದಿಂದ ಬಿಪಿ ಇದೆ. ಎರಡು ತಿಂಗಳ ಹಿಂದೆ ಗ್ಲಾಕೋಮಾ, ಅಂದರೆ ಹೆಚ್ಚಾಗಿ ಕಣ್ಣೊಳಗಿನ ಒತ್ತಡದಿಂದ ಕಣ್ಣಿನ ನರ ಹಾಳಾಗುವ ಕಾಯಿಲೆ, ಗೊತ್ತಾಗಿದೆ. ಬಂದು ಕೂತವರೇ ಕೇಳಿದರು: "ಇಷ್ಟು ವರ್ಷ ಮಾತ್ರೆ ಸರಿಯಾಗಿ ನುಂಗಿದ್ರೆ ಕಣ್ಣು ಹಾಳಾಗ್ತಿರಲಿಲ್ಲ ಅಲ್ವಾ ಮೇಡಂ?"

ಹೆಂಡತಿ ಮಧ್ಯೆ ಬಾಯಿ ಹಾಕಿದರು. "ಇವರು ರಾತ್ರಿ ಎದ್ದೆದ್ದು ಬಿಪಿ ನೋಡ್ಕೋತಾರೆ. ಜಾಸ್ತಿ ಅನ್ನಿಸಿದ್ರೆ ಇನ್ನೊಂದು ಮಾತ್ರೆ. ಬೆಳಿಗ್ಗೆ ತಲೆಸುತ್ತು. ಕಣ್ಣಿನ ಹನಿ ಮಾತ್ರ ಹಾಕಲ್ಲ, ಉರಿಯುತ್ತಂತೆ."

ಅವರ ಲೆಕ್ಕ ಸರಳವಾಗಿತ್ತು. ಡಾಕ್ಟರು 'ಕಣ್ಣಿನ ಬಿಪಿ' ಅಂದಿದ್ದಾರೆ, ಅಂದಮೇಲೆ ಬಿಪಿ ಇಳಿಸಿದರೆ ಎಲ್ಲವೂ ಇಳಿಯುತ್ತದೆ. ಆ ಒಂದು ಮಾತು ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ!

ನಾನು ವೈದ್ಯೆಯಲ್ಲ, ಆದರೆ ಇಷ್ಟನ್ನು ಬಿಡಿಸಿ ಹೇಳಿದೆ. ಕಣ್ಣಿನ ಒತ್ತಡ ಬರುವುದು ಕಣ್ಣೊಳಗೆ ತಯಾರಾಗಿ ಹೊರಗೆ ಹರಿಯುವ ನೀರಿನಿಂದ. ಸಾಮಾನ್ಯವಾಗಿ ಅದು 10ರಿಂದ 21 ಮಿ.ಮೀ. ಪಾದರಸದ ಒಳಗಿರುತ್ತದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವುದು ಬೇರೆಯೇ. ನಂಟು ಇಲ್ಲ ಅಂತಲ್ಲ. ಬಿಪಿ ಏರಿದರೆ ಕಣ್ಣಿನ ಒತ್ತಡವೂ ಸ್ವಲ್ಪ ಏರಬಹುದು, ವರ್ಷಗಟ್ಟಲೆ ಏರಿಯೇ ಇದ್ದರೆ ಸಣ್ಣ ರಕ್ತನಾಳಗಳು ಕೆಡುತ್ತವೆ. ಆದರೆ ಕಣ್ಣಿನ ನರಕ್ಕೆ ರಕ್ತ ಹೋಗಬೇಕಾದರೆ ಕಣ್ಣಿನ ಒತ್ತಡವನ್ನು ಮೀರಿ ಹೋಗಬೇಕು. ನಿದ್ದೆಯಲ್ಲಿ ಬಿಪಿ ತಾನಾಗಿಯೇ ಇಳಿಯುತ್ತದೆ. ಅದರ ಮೇಲೆ ಇನ್ನೊಂದು ಮಾತ್ರೆ ಬಿದ್ದರೆ ನರಕ್ಕೆ ರಕ್ತ ಸಾಲದೆ ಹೋಗಬಹುದು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಒಳ್ಳೇದು ಮಾಡ್ಕೊಳ್ಳೋಕೆ ಹೋಗಿ ನಾನೇ..." ಅಂದರು. ತಪ್ಪಿತಸ್ಥ ಭಾವ ಬಿಡಿಸಲು ಹೋಗಿ ಇನ್ನೊಂದು ಹೊರೆ ಹೊರಿಸಿದೆನೇನೋ ಅನ್ನಿಸಿತು. ಬಿಪಿ ಇಲ್ಲದವರಿಗೂ ಗ್ಲಾಕೋಮಾ ಬರುತ್ತದೆ, ಕಣ್ಣಿನ ಒತ್ತಡ 21 ದಾಟದವರಿಗೂ ಬರುತ್ತದೆ ಅಂತ ಹೇಳಿದೆ. ಅದು ಅವರಿಗೆ ಎಷ್ಟು ತಲುಪಿತೋ ಗೊತ್ತಿಲ್ಲ.

ಸಲಹೆ ಅಂತ ಕೊಟ್ಟದ್ದು ಕಡಿಮೆಯೇ. ಬಿಪಿ ಮಾತ್ರೆಯನ್ನು ನೀವಾಗಿಯೇ ಹೆಚ್ಚಿಸಬೇಡಿ, ಬಿಡಲೂಬೇಡಿ. ರಾತ್ರಿ ಯಂತ್ರ ಬೀರುವಿನಲ್ಲಿರಲಿ. ತಲೆಸುತ್ತಿನ ವಿಷಯ ನಾಳೆಯೇ ಬಿಪಿ ಡಾಕ್ಟರಿಗೆ ತಿಳಿಸಿ. ಎಲ್ಲ ಮಾತ್ರೆ, ಹನಿಗಳ ಹೆಸರು ಒಂದೇ ಹಾಳೆಯಲ್ಲಿ ಬರೆದು ಇಬ್ಬರು ಡಾಕ್ಟರಿಗೂ ತೋರಿಸಿ. ಇವರಿಗೆ ಕೊಟ್ಟಿದ್ದು ಟಿಮೊಲಾಲ್ ಹನಿ. ಅದು ಮೂಗಿನ ದಾರಿಯಲ್ಲಿ ರಕ್ತಕ್ಕೆ ಸೇರಿ ನಾಡಿಯನ್ನು ನಿಧಾನ ಮಾಡಬಹುದು, ಅಸ್ತಮಾ ಇದ್ದವರಿಗಂತೂ ತೊಂದರೆ. ಬಿಪಿ ಡಾಕ್ಟರಿಗೆ ಈ ಹನಿಯ ಸುದ್ದಿಯೇ ಗೊತ್ತಿರಲಿಲ್ಲ! ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಲು ಹೇಳಿದೆ. ಉರಿ ಜಾಸ್ತಿಯಾದರೆ ಹನಿ ಬಿಡುವುದಲ್ಲ, ಬೇರೆ ಹನಿ ಇದೆಯೇ ಅಂತ ಕೇಳುವುದು.

ಕೊನೆಯದು ಕಷ್ಟದ್ದು. ಗ್ಲಾಕೋಮಾ ಒಡಹುಟ್ಟಿದವರಲ್ಲೂ ಇರಬಹುದು. ಮೊದಮೊದಲು ಏನೂ ಗೊತ್ತಾಗುವುದಿಲ್ಲ, ಹೋದ ದೃಷ್ಟಿ ಮರಳುವುದಿಲ್ಲ. ತಮ್ಮನಿಗೆ ತಪಾಸಣೆ ಮಾಡಿಸಲು ಹೇಳಿ ಅಂದೆ. ಅವರ ಮುಖ ಗಂಟಾಯಿತು. ಇಬ್ಬರಿಗೂ ಮಾತಿಲ್ಲದೆ ಆರು ವರ್ಷ.

ಮೂರನೇ ಸಲ ಬಂದಾಗ ಹಾಳೆ ತಂದಿದ್ದರು, ನಾಲ್ಕಾಗಿ ಮಡಚಿದ್ದು. ಡಾಕ್ಟರು ಬಿಪಿ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಿದ್ದರು. ತಲೆಸುತ್ತು ನಿಂತಿತ್ತು. ತಮ್ಮನ ಬಗ್ಗೆ ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು. ಫೋನ್ ಮಾಡಿದವರು ಹೆಂಡತಿಯೇ ಅಂತೆ. ಇವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡರಂತೆ.