ಲೂಯಿಸ್ ಬುನ್ಯುಯೆಲ್: ತೆರೆದ ಬಾಗಿಲು ಮತ್ತು ಹೊರಬರಲಾರದ ಅತಿಥಿಗಳು

ಸ್ಪೇನ್‌ನ ನಿರ್ದೇಶಕ ಲೂಯಿಸ್ ಬುನ್ಯುಯೆಲ್ ಅವರ ಚಿತ್ರಗಳಲ್ಲಿನ ವಿಚಿತ್ರ ದೃಶ್ಯಗಳಿಗೆ ರಾಜಕೀಯ ಅರ್ಥವಿದೆಯೇ, ಅಥವಾ ಅವು ನೋಡುಗರನ್ನು ಬೆಚ್ಚಿಬೀಳಿಸುವ ಚಮತ್ಕಾರಗಳಷ್ಟೇ ಎಂದು ನೀವು ಕೇಳಿದ್ದೀರಿ. ಪ್ರತಿಯೊಂದು ದೃಶ್ಯಕ್ಕೂ ಅರ್ಥ ಹಚ್ಚಲು ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ವಿಚಿತ್ರವಾದುದನ್ನು ಅವರು ಎಷ್ಟು ಸಾಮಾನ್ಯವೆಂಬಂತೆ ತೋರಿಸುತ್ತಾರೆಂಬುದರಲ್ಲಿಯೇ ಅವರ ರಾಜಕೀಯವಿದೆ ಎಂಬುದು ನನ್ನ ಅಭಿಪ್ರಾಯ.

1929ರಲ್ಲಿ ಚಿತ್ರಕಲಾವಿದ ಸಾಲ್ವಡಾರ್ ಡಾಲಿಯವರೊಡನೆ ಮಾಡಿದ 'ಅನ್ ಶಿಯೆನ್ ಆಂದಲೂ' ಎಂಬ ಕಿರುಚಿತ್ರದಲ್ಲಿ ಕ್ಷೌರದ ಕತ್ತಿ ಕಣ್ಣನ್ನು ಸೀಳುವ ದೃಶ್ಯ ಬಹಳ ಪ್ರಸಿದ್ಧ; ಅದನ್ನೇ ಹಿಡಿದು ಕುಳಿತವರಿಗೆ ಮುಂದಿನ ಬುನ್ಯುಯೆಲ್ ಕಾಣುವುದಿಲ್ಲ. ಅವರು ಮೆಕ್ಸಿಕೋದಲ್ಲಿ ಮಾಡಿದ, 1962ರ 'ದಿ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್' ಚಿತ್ರವನ್ನು ನೋಡಿ. ಸಿರಿವಂತರ ಮನೆಯ ಔತಣಕ್ಕೆ ಮುನ್ನ ಆಳುಗಳು ಸರಿಯಾದ ಕಾರಣ ಹೇಳಲಾಗದೆ ಒಬ್ಬೊಬ್ಬರಾಗಿ ಹೊರಟುಹೋಗುತ್ತಾರೆ. ಊಟವಾದ ಮೇಲೆ ಅತಿಥಿಗಳಿಗೆ ಸಂಗೀತದ ಕೋಣೆಯಿಂದ ಹೊರಗೆ ಕಾಲಿಡಲು ಆಗುವುದಿಲ್ಲ. ತಡೆಯುವವರು ಯಾರೂ ಇಲ್ಲ, ಬಾಗಿಲೂ ತೆರೆದೇ ಇದೆ. ಕೊನೆಗೆ ಅವರು ಗೋಡೆ ಒಡೆದು ಕೊಳವೆಯ ನೀರು ಕುಡಿಯುತ್ತಾರೆ, ವಿನೋದಕ್ಕೆಂದು ಮನೆಯೊಡತಿ ತರಿಸಿಟ್ಟಿದ್ದ ಕುರಿಗಳನ್ನು ಕೊಂದು ತಿನ್ನುತ್ತಾರೆ. ಇಷ್ಟೆಲ್ಲ ನಡೆಯುವಾಗಲೂ ಕ್ಯಾಮೆರಾ ಸಾಮಾನ್ಯ ಕೌಟುಂಬಿಕ ಚಿತ್ರದಲ್ಲಿರುವಷ್ಟೇ ತಣ್ಣಗಿರುತ್ತದೆ. ಔತಣದ ಶಿಷ್ಟಾಚಾರವನ್ನೂ ಕುರಿಯ ಕೊಲೆಯನ್ನೂ ಒಂದೇ ಕಣ್ಣಿನಿಂದ ನೋಡಿಸಿದಾಗ, ಎರಡರಲ್ಲಿ ಶಿಷ್ಟಾಚಾರವೇ ಹೆಚ್ಚು ವಿಚಿತ್ರವಾಗಿ ಕಾಣತೊಡಗುತ್ತದೆ.

ಕೊಡಗಿನ ಕಾಫಿ ತೋಟವೊಂದರ ರೈಟರ್ (ಗುಮಾಸ್ತ) ಮಗನಾದ ನನಗೆ ಈ ಚಿತ್ರ ದೂರದ್ದೆನಿಸಲಿಲ್ಲ. ಬಂಗಲೆಯಲ್ಲಿ ಔತಣವಾದರೆ ಕೂಲಿಗಳ ಲೈನ್ ಮನೆಗಳಿಂದ ಬಂದವರು ದುಡಿದು ಹಿಂಬಾಗಿಲಿನಿಂದ ಹೋಗುತ್ತಿದ್ದರು. ಯಾರು ಜಗಲಿಯವರೆಗೆ ಬರಬಹುದು, ಯಾರು ಒಳಗೆ ಕೂರಬಹುದು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೂ ಯಾರೂ ಗೆರೆ ದಾಟುತ್ತಿರಲಿಲ್ಲ. ಬುನ್ಯುಯೆಲ್ ಆ ಗೆರೆಯನ್ನು ಯಜಮಾನರ ಕಾಲಿನ ಮುಂದೆಯೇ ಎಳೆದಿದ್ದಾರೆ.

ಹಾಗೆಂದು ಬಡವರನ್ನು ಅವರು ದೇವರಾಗಿಸಿದವರಲ್ಲ. 1950ರ 'ಲೋಸ್ ಓಲ್ವಿದಾದೋಸ್' ಚಿತ್ರದಲ್ಲಿ ಮೆಕ್ಸಿಕೋ ನಗರದ ಬೀದಿಹುಡುಗರು ಕುರುಡ ಭಿಕ್ಷುಕನನ್ನು ಥಳಿಸುತ್ತಾರೆ, ಆದರೆ ಆ ಭಿಕ್ಷುಕನೂ ಅವರಷ್ಟೇ ಕ್ರೂರಿ. 'ವಿರಿದಿಯಾನಾ'ದಲ್ಲಿ ಸನ್ಯಾಸಿನಿಯಾಗಲು ಹೊರಟಿದ್ದ ಯುವತಿ ಭಿಕ್ಷುಕರಿಗೆ ಆಶ್ರಯ ಕೊಡುತ್ತಾಳೆ. ಅವಳಿಲ್ಲದಾಗ ಅವರು ದೊಡ್ಡಮನೆಗೆ ನುಗ್ಗಿ ಉಂಡು ಕುಡಿದು, ಲಿಯೊನಾರ್ಡೋ ಚಿತ್ರಿಸಿದ ಕ್ರಿಸ್ತನ ಕೊನೆಯ ಭೋಜನದ ಭಂಗಿಯಲ್ಲಿ ಕೂರುತ್ತಾರೆ. ದಾನದಿಂದ ವ್ಯವಸ್ಥೆ ಬದಲಾಗದು ಎಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳಿದ ಚಿತ್ರವನ್ನು ನಾನು ನೋಡಿಲ್ಲ. 1961ರಲ್ಲಿ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಈ ಚಿತ್ರವನ್ನು ವ್ಯಾಟಿಕನ್ ಪತ್ರಿಕೆ ಖಂಡಿಸಿತು. ಸ್ಪೇನ್‌ನಲ್ಲಿ 1977ರವರೆಗೂ ಅದು ತೆರೆಕಾಣಲಿಲ್ಲ. ನಾಯಕಿ ಒಬ್ಬಳೇ ಸೋದರಸಂಬಂಧಿಯ ಕೋಣೆಗೆ ಹೋಗುವ ಮೂಲ ಅಂತ್ಯವನ್ನು ಸೆನ್ಸಾರ್ ಒಪ್ಪದಿದ್ದಾಗ, ಬುನ್ಯುಯೆಲ್ ಮನೆಗೆಲಸದವಳನ್ನೂ ಕೂರಿಸಿ ಮೂವರಿಗೂ ಇಸ್ಪೀಟು ಆಡಿಸಿದರು. ಸೂಚ್ಯಾರ್ಥದಲ್ಲಿ ಇದು ಮೊದಲಿನದಕ್ಕಿಂತ ಹೆಚ್ಚು ಪೋಲಿಯಾದುದು!

ನನ್ನ ಆಕ್ಷೇಪ ಒಂದೇ: ಹೆಣ್ಣನ್ನು ನೋಡುವ ಅವರ ಕಣ್ಣು ಬಹುಮಟ್ಟಿಗೆ ಗಂಡಸಿನ ಬಯಕೆಯದ್ದು. 1977ರ ಕೊನೆಯ ಚಿತ್ರದಲ್ಲಿ ಒಂದೇ ಪಾತ್ರವನ್ನು ಇಬ್ಬರು ನಟಿಯರು ಮಾಡಿದ್ದು, ಅವಳನ್ನು ಬಯಸುವವನಿಗೆ ಆ ವ್ಯತ್ಯಾಸವೇ ತಿಳಿಯುವುದಿಲ್ಲ. ಇದನ್ನು ಆ ಕಣ್ಣಿನ ಮೇಲಿನ ವ್ಯಂಗ್ಯವೆಂದು ಓದಬಹುದಾದರೂ, ಹಿಂದಿನ ಎಲ್ಲ ಚಿತ್ರಗಳಿಗೂ ಆ ರಿಯಾಯಿತಿ ಕೊಡಲು ನಾನು ಸಿದ್ಧನಿಲ್ಲ.

ಹೊಸದಾಗಿ ನೋಡುವುದಾದರೆ 'ವಿರಿದಿಯಾನಾ'ದಿಂದ ಆರಂಭಿಸಿ, ಡಾಲಿಯವರೊಡನೆ ಮಾಡಿದ ಕಿರುಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ.